ಒಂದೇ ಕಡೆ ಒಡೆದ ಮೂರು ಗಾಜು

ಬಸ್ಸಿನ ಮುಂದಿನ ಗಾಜು ಒಡೆದು ನನ್ನ ಶೆಡ್ಡಿಗೆ ಬಂದರೆ ನಾನು ಯಾರನ್ನೂ ಏನೂ ಕೇಳುವುದಿಲ್ಲ. ಗಾಜೇ ಹೇಳುತ್ತದೆ. ಕಲ್ಲು ಬಿದ್ದಿದ್ದರೆ ಸಣ್ಣ ಗುಂಡಿ, ಸುತ್ತ ನಾಲ್ಕೈದು ಗೆರೆ. ಮರದ ಕೊಂಬೆ ಬಡಿದಿದ್ದರೆ ಉದ್ದಕ್ಕೆ ಬಿರುಕು. ಮನುಷ್ಯರ ತಲೆ ಬಡಿದಿದ್ದರೆ ಗಾಜು ಒಳಕ್ಕೆ ತಟ್ಟೆಯಷ್ಟು ತಗ್ಗಾಗಿ, ಅದರ ಸುತ್ತ ಜೇಡರ ಬಲೆ ಹೆಣೆದಂತೆ ಬಿರಿದಿರುತ್ತದೆ. ಅಂಥ ಗಾಜು ಬಂದ ದಿನ ನನಗೆ ಮಧ್ಯಾಹ್ನದ ಊಟ ಸೇರುವುದಿಲ್ಲ.

ನನ್ನ ಶೆಡ್ಡಿರುವುದು ಕೊಳ್ಳೇಗಾಲದಿಂದ ಮಧುವನಹಳ್ಳಿಗೆ ಹೋಗುವ ರಸ್ತೆಯಲ್ಲಿ. ಅಲ್ಲಿಗೆ ಬರುವ ಖಾಸಗಿ ಬಸ್ಸುಗಳಲ್ಲಿ ಒಂದನ್ನು ನಾವು ಒಡೆಯರಪಾಳ್ಯದ ಬಸ್ಸು ಅನ್ನುತ್ತಿದ್ದೆವು. ಬೆಳಿಗ್ಗೆ ಯಳಂದೂರು ಬಿಟ್ಟು, ಕೊಳ್ಳೇಗಾಲ, ಹನೂರು ದಾಟಿ ಒಡೆಯರಪಾಳ್ಯ ಮುಟ್ಟಿ, ಅದೇ ದಾರಿಯಲ್ಲಿ ವಾಪಸ್ಸು. ಒಬ್ಬ ಮಾಲೀಕರು, ಒಬ್ಬನೇ ಡ್ರೈವರು. ಒಂದು ವರ್ಷದೊಳಗೆ ಅದು ಗಾಜು ಒಡೆದುಕೊಂಡು ನನ್ನಲ್ಲಿಗೆ ಬಂದದ್ದು ಮೂರನೆಯ ಸಲ. ರಬ್ಬರು ಕೊಯ್ದು, ಗಾಜನ್ನು ಇಳಿಸಿ, ಶೆಡ್ಡಿನ ಹಿಂದಿನ ಗೋಡೆಗೆ ಒರಗಿಸಿದೆ. ಮೊದಲ ಎರಡು ಗಾಜುಗಳೂ ಅಲ್ಲೇ ಬಿದ್ದಿದ್ದವು, ಗುಜರಿಯವನು ಬೇಡವೆಂದಿದ್ದ. ನೆತ್ತಿಯ ಮೇಲೆ ಬಿಸಿಲು. ಮೂರೂ ಒಂದರ ಮೇಲೊಂದು ಒರಗಿದಾಗ ನಾನು ಕಂಡದ್ದನ್ನು ನೆನೆದರೆ ಈಗಲೂ ಬೆನ್ನು ಜುಮ್ಮೆನ್ನುತ್ತದೆ. ಮೂರು ಬಲೆಗಳ ನಡುವೂ ಒಂದೇ ಕಡೆ ಇತ್ತು. ಡ್ರೈವರ್ ಬದಿಯ ಕೆಳಮೂಲೆಯಿಂದ ಒಂದು ಗೇಣು ಮೇಲೆ. ಬೆರಳಿಟ್ಟು ಅಳೆದೆ. ಎರಡು ಬೆರಳಿಗಿಂತ ಹೆಚ್ಚು ವ್ಯತ್ಯಾಸವಿರಲಿಲ್ಲ.

ಮೂರೂ ಅಪಘಾತ ನನಗೆ ಗೊತ್ತಿದ್ದವೇ. ಮೊದಲನೆಯದು ಕೊಳ್ಳೇಗಾಲದಲ್ಲಿ, ಖಾಸಗಿ ಬಸ್ಸುಗಳು ನಿಲ್ಲುವ ಮೈದಾನದಿಂದ ಹೊರಬಂದು ಬಲಕ್ಕೆ ತಿರುಗುವಾಗ. ಎದುರಿನ ಅಂಗಡಿ ಸಾಲಿನಿಂದ ರಸ್ತೆ ದಾಟಿ ಬರುತ್ತಿದ್ದ ರೇಷ್ಮೆಗೂಡಿನ ವ್ಯಾಪಾರಿಗೆ ಬಡಿಯಿತು. ತೋಳು ಮುರಿಯಿತು, ಹಣೆ ಒಡೆಯಿತು, ಬದುಕಿಕೊಂಡ. ಎರಡನೆಯದು ಅದೇ ಮೂಲೆ, ಅದೇ ತಿರುವು. ಹೂವಿನ ಮಂಕರಿ ಹೊತ್ತ ಮುದುಕಿ. ಮಂಕರಿ ಗಾಜಿಗೆ ಬಡಿಯಿತು, ಮುದುಕಿಯ ಸೊಂಟದ ಮೂಳೆ ಮುರಿಯಿತು. ಆಗಲೇ ಜನ ಆ ಮೂಲೆಯಲ್ಲಿ ಏನೋ ಇದೆ ಅನ್ನತೊಡಗಿದ್ದರು. ಕೊಳ್ಳೇಗಾಲ ಅಂದರೆ ಹೊರಗಿನವರಿಗೆ ಮಾಟ ಮಂತ್ರ ಬಿಟ್ಟರೆ ಬೇರೇನೂ ನೆನಪಾಗುವುದಿಲ್ಲ. ಆ ಮಾತು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ನಾನು ಅಂಥವರನ್ನು ಬೈದು ಕಳಿಸಿದ್ದೆ.

ಮೂರನೆಯದು ಯಳಂದೂರಿನಲ್ಲಿ ಆಯಿತು. ಅಲ್ಲಿಯೂ ಬಲ ತಿರುವು. ಶಾಲೆಯಲ್ಲಿ ಬಿಸಿಯೂಟ ಬೇಯಿಸುವ ಹೆಂಗಸು, ಕೆಲಸ ಮುಗಿಸಿ ಮನೆಗೆ ಹೊರಟಿದ್ದವಳು. ಅವಳು ಉಳಿಯಲಿಲ್ಲ. ಮೂಲೆ ಬೇರೆ, ಊರೇ ಬೇರೆ. ಆಗ ಜನರ ಮಾತೂ ಬದಲಾಯಿತು. ಆ ಮೂಲೆಯಲ್ಲಿ ಇದ್ದದ್ದು ಈಗ ಬಸ್ಸು ಹತ್ತಿಕೊಂಡಿದೆ ಅಂದರು. ಅಲ್ಲಿಯ ಬೀಡಾ ಅಂಗಡಿಯವನು ಕಣ್ಣಾರೆ ಕಂಡಿದ್ದನ್ನು ನನಗೇ ಹೇಳಿದ.

"ಆವಮ್ಮ ಕೈ ಮುಗ್ಕಂಡೇ ಬಂದ್ಲು ಸಾ. ಓಡ್ಲಿಲ್ಲ, ಬೆಚ್ಚಲಿಲ್ಲ. ಯಾರೋ ಕರುದ್ರು ಅಂತ ಬರೋರು ಬತ್ತಾರಲ್ಲ, ಅಂಗೆ. ಬಸ್ ಮುಂದ್ಕೇ ಬಂದ್ಲು."

ನಾನು ಅವನನ್ನು ಬೈಯಲಿಲ್ಲ. ಅವನು ಸುಳ್ಳು ಹೇಳುವ ಆಸಾಮಿಯಲ್ಲ.

ಬ್ರೇಕ್ ಇನ್ಸ್‌ಪೆಕ್ಟರು ಬಸ್ಸನ್ನು ಓಡಿಸಿ ನೋಡಿ, ಬ್ರೇಕು, ಸ್ಟೇರಿಂಗು, ಟೈರು ಎಲ್ಲ ಸರಿಯಿದೆ ಎಂದು ಬರೆದುಕೊಟ್ಟಿದ್ದರು. ಇದ್ದದ್ದೂ ಹಾಗೆಯೇ. ಗಾಡಿಯಲ್ಲಿ ತಪ್ಪಿಲ್ಲ ಅಂದಮೇಲೆ ತಪ್ಪು ಡ್ರೈವರದ್ದು. ಮಾಲೀಕರು ಬೇರೆ ಡ್ರೈವರನ್ನು ಗೊತ್ತುಮಾಡಿದ್ದರು, ಸೋಮವಾರ ಬಸ್ಸು ಮತ್ತೆ ರಸ್ತೆಗಿಳಿಯಬೇಕು. ಅಷ್ಟರೊಳಗೆ ತಮಿಳುನಾಡಿನ ಗಡಿಯಿಂದ ಯಾರೋ ಮಂತ್ರವಾದಿಯನ್ನು ಕರೆಸಿ ಬಸ್ಸಿಗೆ ದೊಡ್ಡದೊಂದು ಕಾವಲು ಕಟ್ಟಿಸುವುದೆಂದು ತೀರ್ಮಾನಿಸಿದ್ದರು. ಅದು ಗುರುವಾರ.

ಕಾವಲು ಅಂದರೆ ಏನು ಅಂತ ಹೇಳಬೇಕು. ನನ್ನ ಶೆಡ್ಡಿನಲ್ಲಿ ಒಂದು ಪದ್ಧತಿಯಿತ್ತು. ಹೊಸ ಗಾಜು ಕೂರಿಸಿದ ಮೇಲೆ ಡ್ರೈವರಿನ ಬಲಗೈ ಕಡೆ, ಗಾಜಿನ ಅಂಚಿನ ಕಬ್ಬಿಣದ ಕಂಬಕ್ಕೆ, ಹುಲಿಯ ಮೇಲೆ ಕೂತ ಮಾದಪ್ಪನ ಪಟ ಕಟ್ಟಿ, ಕರೀ ಕುಚ್ಚು ಇಳಿಬಿಟ್ಟು, ಕರ್ಪೂರ ಹಚ್ಚಿ ಗಾಡಿ ಬಿಡುತ್ತಿದ್ದೆ. ಬಲಗಡೆಯೇ ಯಾಕೆಂದರೆ ಕಾಯುವವನು ಬಲಕ್ಕಿರಬೇಕು ಅಂತ. ಗಾಜು ಒಡೆದು ಮತ್ತೆ ಬಂದರೆ ಹಳೆಯದನ್ನು ಬಿಚ್ಚುತ್ತಿರಲಿಲ್ಲ. ಕಟ್ಟಿದ ಕಾವಲನ್ನು ಬಿಚ್ಚಬಾರದು. ಅದರ ಮೇಲೆ ಇನ್ನೊಂದು ಕಟ್ಟುವುದು. ಈ ಪದ್ಧತಿಯಿಂದಲೇ ನನ್ನ ಶೆಡ್ಡಿಗೆ ಹೆಸರು ಬಂದಿತ್ತು, ನನಗೂ ಅದರ ಬಗ್ಗೆ ಜಂಬವಿತ್ತು.

ಅವತ್ತು ಸಂಜೆ ಹಳೆಯ ಡ್ರೈವರು ಬಂದ. ಕುಡಿಯುವವನಲ್ಲ, ಬೀಡಿಯೂ ಇಲ್ಲ. ಸ್ಟೇರಿಂಗ್ ಹಿಡಿದರೆ ಪಕ್ಕದಲ್ಲಿ ಮಾತಾಡಿದವರಿಗೆ ಉತ್ತರ ಕೊಡುತ್ತಿರಲಿಲ್ಲ. ಅಂಥವನು ಗೋಡೆ ಸವರಿಕೊಂಡು ಒಳಗೆ ಬಂದ. ಕಣ್ಣು ತೆರೆದೇ ಇದ್ದವು, ಆದರೂ ಒಂದು ಕೈಯನ್ನು ಮುಂದೆ ಚಾಚಿಕೊಂಡಿದ್ದ. ಕುರ್ಚಿ ತೋರಿಸಿದೆ. ಅದರ ಎದುರು ನಿಂತು ನನ್ನ ಮುಖ ನೋಡಿದ.

"ಮೇಸ್ತ್ರಣ್ಣ, ಇದ್ರ ಮೇಲೆ ಯಾರೂ ಕೂತಿಲ್ವಾ?"

"ಯಾರ್ಲಾ ಕೂತವ್ರೆ? ಖಾಲಿ ಕುರ್ಚಿ ಕಾಣಕಿಲ್ವಾ?"

"ಖಾಲಿ ಕಾಣ್ತದೆ. ಅದ್ಕೇ ಕೇಳ್ದೆ."

ಕುರ್ಚಿಯ ಮೇಲೆ ಅಂಗೈ ಆಡಿಸಿ, ಒರಗುವ ಕಡೆಯೂ ಆಡಿಸಿ, ಆಮೇಲೆ ಕೂತ. ಏನಾಯಿತೆಂದು ಕೇಳಿದೆ. ನೆಲ ನೋಡುತ್ತ ಹೇಳಿದ.

"ನಿಧಾನಕ್ಕೆ ಬಂದೆ ಕಣಣ್ಣ. ಎಡಕ್ ನೋಡ್ದೆ, ಬಲಕ್ ನೋಡ್ದೆ. ರಸ್ತೆ ಖಾಲಿ. ತಿರುಗಿಸ್ದೆ. ಖಾಲಿ ರಸ್ತೇಲಿ ಓಯ್ತಿದ್ದಂಗೇ ಗಾಜ್ ಮೇಲೆ ಮುಖ ಬಂತು. ನೆಲದೊಳಗಿಂದ ಎದ್ದಂಗೆ. ಮೂರ್ ಸಲಾನೂ ಅಂಗೇಯ. ಈಗ ಜನ ಇರೋ ಕಡೆ ನಂಗೆ ಭಯ ಇಲ್ಲ. ಖಾಲಿ ಜಾಗ ಕಂಡ್ರೆ ಭಯ ಆಯ್ತದೆ. ಯಾರೂ ಇಲ್ಲ ಅಂತ ಕಾಣ್ತು ಅಂದ್ರೆ, ಅಲ್ಲಿ ಯಾರೋ ಅವ್ರೆ ಅನ್ನುಸ್ತದೆ. ಮನೆ ಒಸ್ಲು ದಾಟಕ್ಕೂ ಆಯ್ತಾ ಇಲ್ಲ."

"ಕಣ್ಣು ತೋರಿಸ್ದಾ?"

"ಕಣ್ಣು ಚೆಂದಾಗವೆ ಅಂದ್ರು ಡಾಕ್ಟ್ರು. ನನ್ ಕಣ್ಣು ಸುಳ್ಳಾ, ಇಲ್ಲ ಆವಮ್ಮ ಅಲ್ಲಿ ಇರ್ಲೇ ಇಲ್ವಾ? ಎರಡ್ರಲ್ಲಿ ಒಂದ್ ಯೋಳು ಮೇಸ್ತ್ರಣ್ಣ. ಯಾವ್ದಾದ್ರೂ ಸರಿ. ಇಂಗೇ ಇದ್ರೆ ನಾನು ಉಳಿಯಾಕಿಲ್ಲ."

ಬಸ್ಸು ಹತ್ತು ಬಾ, ನೋಡೋಣ ಅಂದೆ. ಅವನು ಬಸ್ಸಿನ ಕಡೆ ತಿರುಗಲೂ ಇಲ್ಲ. ಕೂತಲ್ಲೇ ಅವನ ಕಣ್ಣಿನ ಎತ್ತರಕ್ಕೆ ಟೇಪು ಹಿಡಿದು ಅಳೆದುಕೊಂಡೆ. ಹೋಗುವಾಗ ಮತ್ತೆ ಕೈ ಮುಂದೆ ಚಾಚಿಕೊಂಡೇ ಹೋದ.

ಶುಕ್ರವಾರ ಬೆಳಿಗ್ಗೆ ಹೊಸ ಗಾಜು ಕೂರಿಸಿ ಮುಗಿಸಿದೆ. ಆಮೇಲೆ ಡ್ರೈವರ್ ಸೀಟಿಗೆ ಒಂದು ಮರದ ಪಟ್ಟಿ ಬಿಗಿದು, ಅಳೆದುಕೊಂಡ ಎತ್ತರಕ್ಕೆ, ಅವನ ಕಣ್ಣು ಇರುವ ಜಾಗದಲ್ಲಿ, ಒಂದು ಬಲ್ಬು ಕಟ್ಟಿದೆ. ಪಕ್ಕದ ಕನ್ನಡಿ ಕೂರಿಸುವಾಗ ನಾನು ಮಾಡುವ ಉಪಾಯ ಇದು. ಶಟರು ಎಳೆದು ಕತ್ತಲು ಮಾಡಿ ಬಲ್ಬು ಹಚ್ಚಿದರೆ, ಬೆಳಕು ಬಿದ್ದ ಜಾಗವೆಲ್ಲ ಡ್ರೈವರಿಗೆ ಕಾಣುವ ಜಾಗ, ನೆರಳು ಬಿದ್ದದ್ದು ಕಾಣದ ಜಾಗ. ಮುಂದಿನ ಗಾಜಿಗೆ ಮಾತ್ರ ಯಾವತ್ತೂ ಹೀಗೆ ನೋಡಿರಲಿಲ್ಲ. ಗಾಜು ಅಂದಮೇಲೆ ಕಾಣುತ್ತದೆ ತಾನೆ, ನೋಡುವುದೇನು ಅಂತ ಇದ್ದವನು ನಾನು.

ಬಲ್ಬು ಹಚ್ಚಿ ಕೆಳಗಿಳಿದು ಬಂದೆ. ಬಸ್ಸಿನ ಮುಂದೆ ನೆಲವೆಲ್ಲ ಬೆಳಗಿತ್ತು. ಬಲಗಡೆ ಮಾತ್ರ, ಕಂಬದ ಕಡೆಯಿಂದ, ಒಂದು ಕಪ್ಪು ದಾರಿ ಹೊರಟಿತ್ತು. ಬಸ್ಸಿನ ಹತ್ತಿರ ಮೊರದಷ್ಟು ಅಗಲ, ದೂರ ಹೋದಂತೆ ಅಗಲವಾಗುತ್ತ, ಶೆಡ್ಡಿನ ಗೋಡೆಯ ಹತ್ತಿರ ಒಂದು ಸಂಸಾರವೇ ನಿಲ್ಲುವಷ್ಟು. ಅದರ ಅಂಚಿಗೆಲ್ಲ ಕರೀ ಕುಚ್ಚಿನ ನೆರಳು ಎಳೆಎಳೆಯಾಗಿ ಅಲ್ಲಾಡುತ್ತಿತ್ತು. ಶೆಡ್ಡಿನಲ್ಲಿ ಗಾಳಿ ಇರಲಿಲ್ಲ. ನಾನು ಶಟರು ಎಳೆದದ್ದಕ್ಕೆ ಅಲುಗಿರಬೇಕು ಅಂತ ಈಗ ಹೇಳುತ್ತೇನೆ. ಆ ಹೊತ್ತಿನಲ್ಲಿ ಹಾಗೆ ಅನ್ನಿಸಲಿಲ್ಲ. ಸೀಮೆಸುಣ್ಣ ತೆಗೆದುಕೊಂಡು ನೆರಳಿನ ಅಂಚನ್ನು ಗೀಚಿ, ಅದರೊಳಗೆ ಕಾಲಿಡದೆ ಸುತ್ತಿಕೊಂಡು ಹೊರಬಂದೆ.

ಸಿಕ್ಕಿತು ಅಂದುಕೊಂಡೆ. ಮಧ್ಯಾಹ್ನ ಬಸ್ಸನ್ನು ಶೆಡ್ಡಿನ ಎದುರಿನ ಬಯಲಿಗೆ ತಂದೆ. ಕೊಳ್ಳೇಗಾಲದ ತಿರುವಿನ ಅಳತೆಗೆ ಸರಿಯಾಗಿ ಸುಣ್ಣದಲ್ಲಿ ರಸ್ತೆ ಬರೆದೆ. ವ್ಯಾಪಾರಿ ರಸ್ತೆ ದಾಟಿ ಬಂದ ಕಡೆ ಆಳೆತ್ತರಕ್ಕೆ ಎರಡು ಡ್ರಮ್ಮು ಒಂದರ ಮೇಲೊಂದು ಇಟ್ಟು, ಬಸ್ಸನ್ನು ನಿಧಾನಕ್ಕೆ ಬಲಕ್ಕೆ ತಿರುಗಿಸಿದೆ. ಡ್ರಮ್ಮು ಕಂಬದ ಹಿಂದೆ ಮರೆಯಾಯಿತು. ಬಸ್ಸು ಇನ್ನಷ್ಟು ತಿರುಗಿದ್ದೇ ತಡ, ಗಾಜಿನ ನಟ್ಟನಡುವೆ ಬಂದು ನಿಂತಿತು. ಕುರುಡನಿಗೂ ಕಾಣುವಂತೆ. ಡ್ರಮ್ಮನ್ನು ಹಿಂದಿಟ್ಟೆ, ಮುಂದಿಟ್ಟೆ, ಆರು ಸಲ ತಿರುಗಿಸಿದೆ. ಆರು ಸಲವೂ ಕಂಡಿತು. ಒಂದು ಕ್ಷಣ ಮರೆ, ಆಮೇಲೆ ಎದುರಿಗೆ.

ಕೋಪ ನೆತ್ತಿಗೇರಿತು. ಇವನು ನೋಡೇ ಇಲ್ಲ, ಎಲ್ಲೋ ಮನಸ್ಸಿಟ್ಟುಕೊಂಡು ತಿರುಗಿಸಿ ಈಗ ಕುರ್ಚಿ ಸವರುವ ನಾಟಕ ಆಡುತ್ತಾನೆ ಅನ್ನಿಸಿತು. ಒಬ್ಬ ಹೆಂಗಸಿನ ಜೀವ ತೆಗೆದು ನನ್ನ ಮುಂದೆ ಅಳುತ್ತಾನಲ್ಲ ಅಂತ ಬಾಯಿಗೆ ಬಂದಂತೆ ಬೈದುಕೊಂಡೆ. ಊಟ ತಂದಿದ್ದ ನನ್ನ ಹೆಂಡತಿ ಬುತ್ತಿ ಹಿಡಿದು ನಿಂತು, ಬೈಗುಳ ಮುಗಿಯುವವರೆಗೂ ಕಾದಳು. ಆಮೇಲೆ ಡ್ರಮ್ಮಿನ ಕಡೆ ಬೊಟ್ಟು ಮಾಡಿದಳು.

"ಅಲ್ಲ ಕಣ್ರಿ, ಆ ಡ್ರಮ್ಮು ನಡೀತದಾ?"

"ಡ್ರಮ್ ಎಲ್ಲಾರ ನಡೀತದೇನೇ?"

"ಮತ್ತೆ? ಸತ್ತವ್ಳು ಡ್ರಮ್ಮಿನ ಅಂಗೆ ನಿಂತಿದ್ಲಾ? ನಡ್ಕಂಡ್ ಬತ್ತಿದ್ಲು. ನಿಂತಿರೋದ್ನ ಇಟ್ಟು ನಡೆಯೋದು ಕಾಣ್ತದೋ ಇಲ್ವೋ ಅಂತ ನೋಡ್ತೀರಲ್ಲ. ಸರೀರಿ, ನಾನ್ ನಡೀತೀನಿ."

ಬೇಡ ಅಂದೆ. ಅವಳು ಆಗಲೇ ಬುತ್ತಿ ಕೆಳಗಿಟ್ಟು ಸೆರಗು ಸಿಕ್ಕಿಸಿಕೊಂಡಿದ್ದಳು. ನಾನು ಒಪ್ಪಬಾರದಿತ್ತು. ಬಸ್ಸು ನಡಿಗೆಗಿಂತ ನಿಧಾನಕ್ಕೆ ಹೋಗುತ್ತದೆ, ಕಾಲು ಬ್ರೇಕಿನ ಮೇಲೇ ಇರುತ್ತದೆ, ಏನಾಗುತ್ತದೆ ಅಂತ ನನಗೆ ನಾನೇ ಹೇಳಿಕೊಂಡೆ. ಬಸ್ಸು ಆಮೆಯಂತೆ ಹೋಗುವುದರಿಂದ ಅವಳೂ ಹೆಜ್ಜೆ ಸಣ್ಣದು ಮಾಡಬೇಕು, ಹೆಜ್ಜೆಗೊಂದರಂತೆ ಜೋರಾಗಿ ಎಣಿಸುತ್ತ ಬರಬೇಕು, ನಿಲ್ಲಬಾರದು, ಓಡಬಾರದು ಅಂತ ಹೇಳಿ ಮೇಲೆ ಹತ್ತಿದೆ. ಅವಳು ಬಯಲಿನ ಆಚೆ ಕಡೆ ಹೋಗಿ ನಿಂತಳು. ಕೆಂಪು ಸೀರೆ. ಬಿಸಿಲಿಗೆ ಸುಟ್ಟ ಬಿಳಿ ಮಣ್ಣಿನ ಬಯಲಿನಲ್ಲಿ ಅವಳೊಬ್ಬಳೇ ಎದ್ದು ಕಾಣುತ್ತಿದ್ದಳು.

ಬಸ್ಸು ಬಿಟ್ಟೆ. ಸ್ಟೇರಿಂಗ್ ಬಲಕ್ಕೆ ಎಳೆದೆ.

"ಒಂದು," ಅಂದಳು. ಕಂಡಳು. "ಎಲ್ಡು." ಕಂಡಳು.

"ಮೂರು" ಅಂದಾಗ ಕಂಬದ ಹಿಂದೆ ಹೋದಳು. ಸರಿ, ಡ್ರಮ್ಮಿನಂತೆ ಈಗ ಈಚೆ ಬರುತ್ತಾಳೆ ಅಂತ ಗಾಜಿನ ನಡುವೆ ನೋಡುತ್ತ ಕಾದೆ. ಬಯಲು ಖಾಲಿ. "ನಾಕು" ಕೇಳಿತು. ಬಲಗಡೆಯ ಕಿಟಕಿಯಲ್ಲಿ ನೋಡಿದೆ, ಅಲ್ಲಿಯೂ ಖಾಲಿ. "ಐದು." ಬಿಸಿಲಿನಲ್ಲಿ ಸುಣ್ಣದ ಗೆರೆ ಒಂದೊಂದೂ ಸ್ಪಷ್ಟವಾಗಿ ಕಾಣುತ್ತಿತ್ತು. ಹೆಂಡತಿ ಮಾತ್ರ ಇರಲಿಲ್ಲ. "ಆರು" ಅನ್ನುವ ದನಿ ಇನ್ನೂ ಹತ್ತಿರಕ್ಕೆ ಬಂತು, ಖಾಲಿ ಬಯಲಿನೊಳಗಿಂದ. ಮೂವತ್ತು ವರ್ಷ ಜೊತೆಗೆ ಬಾಳಿದವಳ ದನಿ ಅದು, ಆ ದನಿಯೇ ಹೆದರಿಕೆ ಹುಟ್ಟಿಸಿತು. "ಏಳು" ಅಂದದ್ದು ನನ್ನ ಮೊಣಕಾಲಿನ ಹತ್ತಿರ ಅನ್ನುವಷ್ಟು ಸಮೀಪ ಕೇಳಿತು. ಬ್ರೇಕ್ ತುಳಿದೆ. ಇಂಜಿನ್ ಆಫ್ ಮಾಡಲು ಕೈ ಬರಲಿಲ್ಲ.

"ಎಲ್ಲಿದ್ದೀಯೇ?" ಅಂತ ಕೂಗಿದೆ.

"ಇಲ್ಲೇ ಇವ್ನಿ ಕಣ್ರಿ. ನಿಮ್ ಮುಂದೇನೇ. ಕಾಣಕಿಲ್ವಾ?"

ಕತ್ತು ಮುಂದಕ್ಕೆ ಚಾಚಿ ಕಂಬದ ಆಚೆ ಇಣುಕಿದೆ. ಗಾಜಿನ ಬಲ ಮೂಲೆಗೆ ಒಂದು ಮೊಳ ದೂರದಲ್ಲಿ, ಮೂರು ಗಾಜು ಒಡೆದಿದ್ದ ಅದೇ ಜಾಗಕ್ಕೆ ಸರಿಯಾಗಿ, ಅವಳ ಮುಖವಿತ್ತು. ಎರಡೂ ಕೈ ಮುಗಿದುಕೊಂಡಿದ್ದಳು.

ಹೇಗೆ ಇಳಿದೆನೋ ಗೊತ್ತಿಲ್ಲ. ಅವಳ ರೆಟ್ಟೆ ಹಿಡಿದು ಈಚೆ ಎಳೆದೆ. ಯಾಕೆ ಕೈ ಮುಗಿದೆ, ನಿನಗೇನಾಯಿತು, ಯಾರು ಮುಗಿ ಅಂದರು ಅಂತ ಅರಚಿದೆ. ಅವಳು ಬೆಪ್ಪಾಗಿ ನನ್ನನ್ನೇ ನೋಡಿದಳು.

"ಏನ್ ಇಂಗಾಡ್ತೀರಿ? ಎದ್ರುಗೆ ಮಾದಪ್ಪ ಬತ್ತಾವ್ನೆ. ಕೈ ಮುಗೀದೆ ಬರಕ್ಕಾಯ್ತದಾ? ಅಲ್ಲಿಂದ ನೋಡುದ್ರೆ ನೀವ್ ಕಾಣಕಿಲ್ಲ, ಅವನೊಬ್ಬನೇ ಕಾಣದು."

ಅವಳು ನಿಂತಿದ್ದ ಕಡೆಗೆ ಹೋಗಿ ನಿಂತು ನೋಡಿದೆ. ನಿಜ. ನನ್ನ ಪಟ ಎರಡೂ ಬದಿಗೆ ಮುಖವಿದ್ದದ್ದು. ಅಲ್ಲಿಂದ ಡ್ರೈವರ್ ಸೀಟು ಕಾಣಲಿಲ್ಲ. ಪಟ, ಕುಚ್ಚು, ಹೂವು. ಮಾದಪ್ಪನೇ ಬಸ್ಸು ಓಡಿಸಿಕೊಂಡು ಬಂದಂತಿತ್ತು. ಬಸ್ಸು ಬಲಕ್ಕೆ ತಿರುಗುವಾಗ ಆ ಕಂಬವೂ ತಿರುಗುತ್ತದೆ. ನಿಂತ ಡ್ರಮ್ಮನ್ನು ಅದು ದಾಟಿ ಹೋಗುತ್ತದೆ. ಓಡುವವರು ಅದರ ಮರೆಯಿಂದ ಮುಂದೆ ಬಂದುಬಿಡುತ್ತಾರೆ. ಎದುರಿನಿಂದ ಒಂದೇ ಸಮ ನಡೆದು ಬರುವವರ ಜೊತೆಗೆ ಮಾತ್ರ ಅದೂ ನಡೆಯುತ್ತದೆ, ಕೊನೆಯವರೆಗೂ ಬಿಡದೆ. ಗಡಿಬಿಡಿಯಿಲ್ಲದೆ, ಬಸ್ಸಿನವನು ನೋಡಿರುತ್ತಾನೆ ಅಂತ ನಂಬಿ ನಡೆಯುವವರನ್ನೇ ಹುಡುಕಿ ಹಿಡಿಯುತ್ತಿತ್ತು ಅದು.

ಆಮೇಲೆ ಕಂಬದ ಹತ್ತಿರ ಕೂತು ಒಂದೊಂದನ್ನೂ ನೋಡಿದೆ. ಕಬ್ಬಿಣದ ಕಂಬ ನಾಲ್ಕೇ ಬೆರಳು ಅಗಲ. ಮೊದಲ ಅಪಘಾತದ ಮೇಲೆ ಹೊಸ ಗಾಜು ಕೂರಿಸಿದ ದಿನ ಪಟ ನಿಲ್ಲಲೆಂದು ನಾನು ಬೆಸುಗೆ ಹಾಕಿದ್ದ ತಗಡು. ಹಿತ್ತಾಳೆ ಕಟ್ಟಿನ ಪಟ. ಕುಚ್ಚು. ಎರಡನೆಯ ಅಪಘಾತವಾದ ಮೇಲೆ ಇನ್ನೊಂದು ದಪ್ಪ ಕುಚ್ಚು, ಕೆಂಪು ಬಟ್ಟೆಯಲ್ಲಿ ಕಟ್ಟಿದ ತೆಂಗಿನಕಾಯಿ, ನಿಂಬೆಹಣ್ಣಿನ ಸರ. ಎಲ್ಲದರ ಮೇಲೆ ಡ್ರೈವರು ದಿನಾ ಏರಿಸುತ್ತಿದ್ದ ಹೂವಿನ ಹಾರ, ಬಾಡಿದ್ದರ ಮೇಲೆ ಹೊಸದು. ಗೇಣು ಹಾಕಿದೆ. ಒಂದೂವರೆ ಗೇಣು ಆಗಿತ್ತು. ಒಂದೊಂದು ಅಪಘಾತಕ್ಕೂ ನಾನು ಮರೆಯನ್ನು ಅಗಲ ಮಾಡಿದ್ದೆ. ಬರೀ ಕಂಬವಿದ್ದ ಮೊದಲ ಗಾಜಿಗೆ ತೋಳು, ಎರಡನೆಯದಕ್ಕೆ ಸೊಂಟ, ಮೂರನೆಯದಕ್ಕೆ ಜೀವ. ಹೆಂಡತಿ ಊಟಕ್ಕೆ ಕರೆಯಲಿಲ್ಲ.

ಶನಿವಾರ ಮಾಲೀಕರನ್ನು ಕರೆಸಿದೆ. ಕಾವಲು ಬಿಚ್ಚುತ್ತೇನೆ ಅಂದೆ. ಅವರು ಹೌಹಾರಿದರು.

"ಏನ್ ಮಾತಾಡ್ತೀಯ ಮೇಸ್ತ್ರಿ? ಕಟ್ಟಿದ್ ಕಾವಲು ಬಿಚ್ಬಾರ್ದು ಅಂತ ನಂಗೆ ಏಳ್ಕೊಟ್ಟೋನೇ ನೀನು! ಇದ್ದೂ ಇಂಗಾಯ್ತದೆ. ಇನ್ನು ಅದೂ ಇಲ್ಲ ಅಂದ್ರೆ ಏನ್ ಗತಿ?"

ಡ್ರೈವರ್ ಸೀಟಿನಲ್ಲಿ ಕೂರಿ ಅಂದೆ. ಕೂತರು. ಹೆಂಡತಿಯನ್ನು ನೆರಳಿಗೆ ಗೀಚಿದ್ದ ಸೀಮೆಸುಣ್ಣದ ಗೆರೆಯೊಳಗೆ ನಿಲ್ಲಿಸಿದೆ. ಬಸ್ಸನ್ನು ಶೆಡ್ಡಿನೊಳಗೆ ಹಳೆಯ ಜಾಗಕ್ಕೇ ತಂದು ನಿಲ್ಲಿಸಿದ್ದೆ. ಅವಳು ಕೆಮ್ಮಿದಳು. ಮಾಲೀಕರು ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು, ಕನ್ನಡಿ ನೋಡಿದರು.

"ಎಲ್ಲವ್ಳೆ ನಿನ್ ಎಂಡ್ತಿ?"

"ನಿಮ್ಮ ಎದುರಿಗೇ ಅವ್ಳೆ ಸಾವ್ಕಾರ್ರೆ. ಮೂರು ಮಾರು ದೂರದಲ್ಲಿ."

ಅವಳು ಇನ್ನೊಂದು ಸಲ ಕೆಮ್ಮಿದಳು. ಮಾಲೀಕರ ಮುಖ ಬಿಳಿಚಿಕೊಂಡಿತು. ಕೆಳಗಿಳಿದವರು ಪಟದ ಕಡೆ ಒಮ್ಮೆ ನೋಡಿದರು. "ಮಾಡು. ನಾನ್ ನೋಡಾಕಿಲ್ಲ," ಅಂದು ಶೆಡ್ಡಿನಿಂದ ಹೊರಗೆ ಹೋಗಿ ಬೆನ್ನು ತಿರುಗಿಸಿ ನಿಂತರು. ಗಡಿಯಿಂದ ಬರಬೇಕಿದ್ದವನಿಗೆ ಬರಬೇಡ ಅಂತ ಅಲ್ಲಿಂದಲೇ ಫೋನ್ ಮಾಡಿದರು.

ನಾನು ಧೈರ್ಯಸ್ಥ ಅಂತ ಯಾರೂ ತಿಳಿಯಬೇಡಿ. ಇಷ್ಟು ವರ್ಷ ನಂಬಿದ್ದನ್ನು ಕೊಯ್ಯುವುದು ಸುಲಭವಲ್ಲ. ತಪ್ಪಾಯ್ತು ಕಣಪ್ಪ ಮಾದಪ್ಪ, ನಿನ್ನನ್ನು ಅಡ್ಡ ನಿಲ್ಲಿಸಿದವನು ನಾನು ಅಂದುಕೊಂಡು ಮೊದಲ ದಾರ ಕೊಯ್ದೆ. ಕುಚ್ಚು ಬಿತ್ತು. ತೆಂಗಿನಕಾಯಿ ಒಳಗೇ ಒಣಗಿ ಹೋಗಿತ್ತು, ಉರುಳಿದಾಗ ಗಡಗಡ ಅಂದಿತು. ಒಂದೊಂದು ಬಿದ್ದಂತೆ ಬಸ್ಸಿನೊಳಗೆ ಬೆಳಕು ಹೆಚ್ಚಿತು. ತಗಡನ್ನು ಗ್ರೈಂಡರಿನಲ್ಲಿ ಕೊಯ್ದು ತೆಗೆದೆ. ಹೆಂಡತಿ ಪಟವನ್ನು ಒರೆಸಿ, ಗಾಜಿನ ಮೇಲೆ, ಚಾವಣಿಯ ಹತ್ತಿರ, ಯಾರ ಕಣ್ಣಿಗೂ ಅಡ್ಡ ಬಾರದ ಕಡೆ ಕಟ್ಟಿದಳು.

ಮತ್ತೆ ಬಲ್ಬು ಹಚ್ಚಿದೆ. ಕಪ್ಪು ದಾರಿ ಸಣ್ಣದಾಗಿತ್ತು, ಹೋಗಿರಲಿಲ್ಲ. ನಾಲ್ಕು ಬೆರಳಿನ ಕಂಬವೂ ಒಬ್ಬ ಮನುಷ್ಯನನ್ನು ಮರೆಮಾಡುತ್ತದೆ. ಕಂಬ ಕೊಯ್ದರೆ ಚಾವಣಿ ಕೂರುತ್ತದೆ, ಅದಕ್ಕೆ ಕೈ ಹಾಕುವಂತಿಲ್ಲ. ಬಲ್ಬನ್ನು ಒಂದು ಗೇಣು ಮುಂದಕ್ಕೆ ಸರಿಸಿದೆ. ನೆರಳೂ ಸರಿಯಿತು, ಅದು ಇದ್ದ ಜಾಗದಲ್ಲಿ ಬೆಳಕು ಬಿತ್ತು. ಅಂದರೆ ತಿರುವಿಗೆ ಮುಂಚೆ ಡ್ರೈವರು ಬಸ್ಸು ನಿಲ್ಲಿಸಿ ಒಮ್ಮೆ ಮುಂದಕ್ಕೆ ಬಗ್ಗಬೇಕು, ಒಮ್ಮೆ ಹಿಂದಕ್ಕೆ ಒರಗಬೇಕು, ತಿರುಗಿಸುತ್ತಲೂ ಹಾಗೆಯೇ ತಲೆ ಆಡಿಸುತ್ತಿರಬೇಕು. ಇಷ್ಟೇ. ಇದಕ್ಕೆ ಸಾಮಾನು ಬೇಕಿಲ್ಲ, ಬೆಸುಗೆ ಬೇಕಿಲ್ಲ. ಆಮೇಲೆ ನನ್ನಲ್ಲಿಗೆ ಬಂದ ಒಂದೊಂದು ಬಸ್ಸಿನ ಡ್ರೈವರನ್ನೂ ಕೂರಿಸಿ ಇದನ್ನು ಮಾಡಿಸಿದ್ದೇನೆ. ಕಂಬಕ್ಕೆ ಕಟ್ಟಿದ್ದನ್ನು ಬಿಚ್ಚಿಸಿದ್ದೇನೆ, ಬಿಚ್ಚದವರಿಗೆ ಗಾಜು ಕೂರಿಸಿಲ್ಲ.

ಭಾನುವಾರ ಬೆಳಿಗ್ಗೆ ಡ್ರೈವರನ್ನು ಕರೆಸಿದೆ. ಅವತ್ತೂ ಗೋಡೆ ಹಿಡಿದೇ ಬಂದ. ಎಲ್ಲವನ್ನೂ ಹೇಳಿದೆ. ನೆರಳು, ಡ್ರಮ್ಮು, ಹೆಂಡತಿ ಎಣಿಸಿದ್ದು. ನಿನ್ನ ಕಣ್ಣು ಸುಳ್ಳಲ್ಲ ಅಂದೆ. ಅವನಿಗೆ ನೆಮ್ಮದಿ ಆಗುತ್ತದೆ ಅಂದುಕೊಂಡಿದ್ದೆ.

"ಅಂಗಾರೆ ಆವಮ್ಮ ಅಲ್ಲಿದ್ಲು."

"ಇದ್ಲು."

"ಎಷ್ಟೊತ್ತು?"

"ನಾಕೈದ್ ಹೆಜ್ಜೆ ಇರ್ಬೋದು."

"ನಾಕೈದ್ ಹೆಜ್ಜೆ ನನ್ ಮುಂದೇನೇ ನಡ್ಕಂಡ್ ಬಂದವ್ಳೆ. ನಾನ್ ನೋಡ್ತೀನಿ ಅಂತ."

ದೆವ್ವ ಅಂದಿದ್ದರೇ ಅವನು ಬದುಕಿಕೊಳ್ಳುತ್ತಿದ್ದನೇನೋ ಅಂತ ಆಗ ನನಗೆ ಅನ್ನಿಸಿತು. ಹೇಳಬೇಕಾದ್ದು ಇನ್ನೂ ಉಳಿದಿತ್ತು. "ಅದನ್ನೆಲ್ಲ ಅಲ್ಲಿಗೆ ಕಟ್ಟಿದ್ದು ನಾನು ಕಣ್ಲಾ. ನಿನ್ ತಪ್ಪಲ್ಲ, ನನ್ ಕೈ ತಪ್ಪು. ಪೊಲೀಸ್ನೋರ ಹತ್ರಾನೂ ಬಂದು ಇದನ್ನೇ ಹೇಳ್ತೀನಿ," ಅಂದೆ. ಹೊಡೆಯಲಿ ಅಂತ ಕಾದೆ. ಹೊಡೆದಿದ್ದರೆ ನನಗೇ ಹಗುರಾಗುತ್ತಿತ್ತು. ಅವನು ಬಸ್ಸಿನ ಕಡೆ ತಿರುಗಿದ, ನಾಲ್ಕು ದಿನದಲ್ಲಿ ಮೊದಲ ಸಲ.

"ಕಟ್ದೋನು ನೀನು. ದಿನಾ ಬೆಳಗಾಗೆದ್ದು ಊವ ಏರುಸ್ದೋನು ನಾನು. ಒಂದಿನಾನೂ ಇದು ಅಡ್ಡ ಬತ್ತದೆ ಅಂತ ಅನ್ನುಸ್ನಿಲ್ವಲ್ಲಣ್ಣ."

ಹತ್ತು ಅಂದೆ. ಆಗಲ್ಲ ಅಂದ. ನಾನೇ ಮುಂದೆ ನಡೆದು ಬರುತ್ತೇನೆ, ನೀನು ತಿರುಗಿಸು, ತಲೆ ಆಡಿಸಿ ನೋಡು, ಕಂಡರೆ ನಿಲ್ಲಿಸು ಅಂದೆ. ಕಾಣದಿದ್ದರೆ ಅಂತ ಕೇಳಿದ. ಕಾಣುತ್ತೇನೆ ಅಂದು ಬಯಲಿನ ಆಚೆಗೆ ಹೊರಟುಬಿಟ್ಟೆ, ಹಿಂದೆ ತಿರುಗಿ ನೋಡಿದರೆ ಅವನು ಹತ್ತುವುದಿಲ್ಲ ಅಂತ ಗೊತ್ತಿತ್ತು. ಬಹಳ ಹೊತ್ತಿನ ಮೇಲೆ ಇಂಜಿನ್ ಸದ್ದು ಕೇಳಿತು.

ಬಸ್ಸು ಬಂತು, ನಾನೂ ನಡೆದೆ. ಮೊದಲ ಸಲ ನಾನು ಹದಿನೈದು ಹೆಜ್ಜೆ ದೂರವಿರುವಾಗಲೇ ಬ್ರೇಕ್ ತುಳಿದ, ಇಂಜಿನ್ ನಿಂತೇ ಹೋಯಿತು. ಕಿಟಕಿಯಿಂದ ತಲೆ ಹೊರಗೆ ಹಾಕಿ, "ಕಾಣ್ತಿದ್ದೀಯ ಕಣಣ್ಣ, ಕಾಣ್ತಿದ್ದೀಯ!" ಅಂತ ಕೂಗಿದ. ಇನ್ನೊಂದ್ಸಲ ಅಂದ. ಎರಡನೆಯ ಸಲ ಇನ್ನೂ ಹತ್ತಿರಕ್ಕೆ ಬಂದು ನಿಲ್ಲಿಸಿದ. ಮೂರನೆಯ ಸಲ ಅವನ ತಲೆ ಮುಂದಕ್ಕೂ ಹಿಂದಕ್ಕೂ ಆಡುವುದು ನನಗೆ ಚೆನ್ನಾಗಿ ಕಂಡಿತು. ನಾನು ಸಾಕು ಅಂತ ಕೈ ಮಾಡಿದೆ. ಅವನು ಕೇಳಲಿಲ್ಲ. ಬಸ್ಸನ್ನು ಹಿಂದಕ್ಕೆ ತೆಗೆದುಕೊಂಡು ಹೋಗಿ ಮತ್ತೆ ಬಂದ.

ನಾಲ್ಕನೆಯ ಸಲ ನನಗಿಂತ ನಾಲ್ಕು ಹೆಜ್ಜೆ ದೂರದಲ್ಲಿ, ಮೆತ್ತಗೆ, ಜರ್ಕ್ ಇಲ್ಲದಂತೆ ನಿಲ್ಲಿಸಿದ. ಗೇರ್ ತೆಗೆದು ಎರಡೂ ಕೈಯನ್ನು ಸ್ಟೇರಿಂಗ್ ಮೇಲಿಟ್ಟ. ನನ್ನನ್ನು ನೋಡಲಿಲ್ಲ. ನನ್ನ ಬಲಗಡೆ, ಒಂದು ಮಾರು ಆಚೆ, ಯಾರೂ ಇಲ್ಲದ ಕಡೆ ನೋಡುತ್ತಿದ್ದ. ತೆರೆದ ಕಿಟಕಿಯಿಂದ ಅವನ ಮಾತು ಕೇಳಿತು, ಮನೆಯ ಹಿರಿಯ ಹೆಂಗಸಿನ ಹತ್ತಿರ ಆಡುವಷ್ಟು ಮೆಲ್ಲಗೆ.

"ದಾಟವ್ವ. ನಾನ್ ನಿಂತಿವ್ನಿ. ಆತುರ ಬ್ಯಾಡ, ದಾಟು."

ನಾನು ಬಲಕ್ಕೆ ನೋಡಿದೆ. ಬಿಸಿಲು, ಸುಣ್ಣದ ಗೆರೆ, ಖಾಲಿ ಬಯಲು. ಒಂದು ಹೆಜ್ಜೆ ಹಿಂದೆ ಸರಿದು ಅವಳಿಗೆ ದಾರಿ ಬಿಟ್ಟೆ.